ಕಂಬದ ಮನೆಯ ಹಿತ್ತಲು

ಮೊನ್ನೆ ಪರೀಕ್ಷೆಯ ಕೆಲಸಕ್ಕೆಂದು ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಮಧ್ಯಾಹ್ನ ಕೆಲಸ ಮುಗಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆಯುವಾಗ ಹಾದಿಯಲ್ಲಿ ಒಂದು ಹಳೆಯ ಮನೆಯ ರಿಪೇರಿ ನಡೆದಿತ್ತು. ತೊಟ್ಟಿಯಲ್ಲಿ ಸುಣ್ಣ ನೆನೆಹಾಕಿದ್ದರು. ಪಕ್ಕದ ಡ್ರಮ್ಮಿನಲ್ಲಿ ಬೆಲ್ಲದ ನೀರು ಹುಳಿಯುತ್ತಿತ್ತು. ಸುಣ್ಣದ ಘಾಟು, ಬೆಲ್ಲದ ಹುಳಿ ಎರಡೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರಿನ ಅಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟೆ. ಅಂಗಡಿಯವನು ನೀರು ಕೊಟ್ಟು, “ಬಿಸಲ ಬಡೀತೇನ್ರಿ ಅಕ್ಕಾರ?” ಎಂದ. ಹೌದೆಂದೆ.

ಬಿಸಿಲಲ್ಲ. ಬೆಟಗೇರಿಯಲ್ಲಿ ಒಂದು ಇಡೀ ಬೇಸಿಗೆ ನಾನು ಈ ವಾಸನೆಯ ನಡುವೆ ಖುಷಿಯಿಂದ ಓಡಾಡಿದ್ದೆ. ಮನೆಗೆ ಹೋದರೆ ಅಮ್ಮಿ, ನಿನ್ನ ಸೆರಗೆಲ್ಲ ಸುಣ್ಣದ ವಾಸನೆ ಎಂದು ಬೈಯುತ್ತಿದ್ದಳು. ಬೈಸಿಕೊಳ್ಳುವುದೂ ಆಗ ಚೆನ್ನಾಗಿತ್ತು. ಅಲ್ಲಿಯ ರಿಪೇರಿ ಕೆಲಸ ನಮಗಾಗಿಯೇ ನಡೆದಿದೆ ಎಂದು ನಂಬಿದ್ದೆ.

ನಮ್ಮ ಓಣಿಯಲ್ಲಿ ಕಂಬದ ಮನೆ ಎಂದರೆ ಯಾರಾದರೂ ದಾರಿ ತೋರಿಸುತ್ತಿದ್ದರು. ಎತ್ತರದ ಕಲ್ಲಿನ ಬುನಾದಿ, ಅದರ ಮೇಲೆ ಸಾಗವಾನಿಯ ಕೊರೆದ ಕಂಬಗಳು, ಮೇಲಿನ ಅಂತಸ್ತಿನಲ್ಲಿ ಗಿಳಿ, ಬಳ್ಳಿ ಕೆತ್ತಿದ ಕಿಟಕಿಗಳು. ಮನೆಯ ಯಜಮಾನರು ವೀರಣ್ಣ ಕಾಕಾ. ಅವರ ಮುತ್ತಜ್ಜ ಸೀರೆ ವ್ಯಾಪಾರದಲ್ಲಿ ಗಳಿಸಿ ಕಟ್ಟಿಸಿದ್ದಂತೆ. ಆ ಕಾಲದಲ್ಲೇ ಮನೆಯ ಹಿತ್ತಲಲ್ಲಿ ನೇಕಾರರಿಗೆಂದು ಸಾಲು ಮನೆಗಳನ್ನೂ ಕಟ್ಟಿಸಿದ್ದರು. ಅದನ್ನು ನಾವು ಚಾಳ ಎನ್ನುತ್ತಿದ್ದೆವು. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಅದು ಸೋರುತ್ತದೆಂದು ಮೇಲೊಂದು ತಗಡು, ತಗಡು ಗಾಳಿಗೆ ಹಾರಬಾರದೆಂದು ಮೇಲೆ ಕಲ್ಲು. ಮುಂದಿನ ಮನೆ ಎಷ್ಟು ಚೆಂದವೋ ಹಿಂದಿನ ಚಾಳ ಅಷ್ಟೇ ಅಧ್ವಾನ. ನಾನು ಹುಟ್ಟಿದ್ದು ಆ ಚಾಳದಲ್ಲಿ. ಅಬ್ಬಾ ಮಗ್ಗ ಬಿಟ್ಟು ಬಣ್ಣ ಬಳಿಯುವ ಕೆಲಸಕ್ಕೆ ಹೋಗಿ, ಅದರಲ್ಲೇ ನನ್ನನ್ನು ಬಿ.ಎಡ್. ತನಕ ಓದಿಸಿ ತೀರಿಕೊಂಡರು. ನಾನು ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಕಲಿಸತೊಡಗಿದೆ. ಚಾಳದಲ್ಲಿ ನಾನು ಟೀಚರ್ ಆದೆ.

ವೀರಣ್ಣ ಕಾಕಾನ ಒಬ್ಬಳೇ ಮಗಳು ಸುವರ್ಣಾ ನನ್ನ ಓರಗೆಯವಳು. ಅವಳು ಎಳೆಯವಳಿದ್ದಾಗಲೇ ತಾಯಿ ತೀರಿಕೊಂಡಿದ್ದರಿಂದ ಶಾಲೆಗೆ ಹೋಗುವ ಮೊದಲು ಇಬ್ಬರ ಜಡೆಯನ್ನೂ ಅಮ್ಮಿಯೇ ಹೆಣೆಯುತ್ತಿದ್ದಳು. ನನ್ನದನ್ನು ಬಿಗಿದು ಎಳೆಯುತ್ತಿದ್ದಳು, ಸುವರ್ಣಾಳದನ್ನು ಮೆತ್ತಗೆ. ತಾಯಿಯಿಲ್ಲದ ಮಗು ಎಂದು. ಮುಂದೆ ಸುವರ್ಣಾ ಹುಬ್ಬಳ್ಳಿಯಲ್ಲಿ ಆರ್ಕಿಟೆಕ್ಚರ್ ಓದಿ, ಪುಣೆಯಲ್ಲಿ ಕೆಲಸ ಮಾಡಿ, ಅದೂ ಸಾಕೆನಿಸಿ ತಿರುಗಿ ಬಂದಳು. ಬಂದ ಮೇಲೆ ಅವಳಿಗೆ ಒಂದೇ ಚಿಂತೆ. ಗದಗ ಬೆಟಗೇರಿಯ ಹಳೆಯ ಮನೆಗಳೆಲ್ಲ ಒಂದೊಂದಾಗಿ ಉರುಳಿ, ಅಲ್ಲೆಲ್ಲ ಗಾಜಿನ ಮುಖದ ಅಂಗಡಿ ಕಾಂಪ್ಲೆಕ್ಸುಗಳು ಏಳುತ್ತಿದ್ದವು. ಒಂದು ಮನೆ ಬಿದ್ದಾಗಲೆಲ್ಲ ನಮ್ಮ ಮನೆಗೆ ಬಂದು ಕೂತು, “ಇವತ್ತ ಇನ್ನೊಂದು ಕೆಡವಿದ್ರು ಹಸೀನಾ” ಎಂದು ಯಾರೋ ಸತ್ತ ಸುದ್ದಿ ಹೇಳುವಂತೆ ಹೇಳುತ್ತಿದ್ದಳು. ನನಗೆ ಚಿಂತೆ ಬೇರೆ. ನಾಗಾವಿಯ ಕಡೆ ಯುನಿವರ್ಸಿಟಿ ಬಂದ ಮೇಲೆ ಊರು ಆ ದಿಕ್ಕಿಗೆ ಚಾಚಿಕೊಂಡು, ಬಾಡಿಗೆ ಮನೆ ಸಿಗುವುದೇ ಕಷ್ಟವಾಗಿತ್ತು. ಚಾಳ ಬಿದ್ದರೆ ಹೋಗುವುದು ಎಲ್ಲಿಗೆ ಎಂದು ನಮ್ಮಲ್ಲಿ ಪ್ರತಿ ಮಳೆಗಾಲದಲ್ಲೂ ಮಾತಾಗುತ್ತಿತ್ತು.

ಬಿದ್ದದ್ದು ಉತ್ತರಿ ಮಳೆಯಲ್ಲಿ. ನಮ್ಮ ಕಡೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಬರೀ ಗಾಳಿ. ಆ ವರ್ಷ ಮಾತ್ರ ಹಗಲೂ ರಾತ್ರಿ ಹಿಡಿದುಕೊಂಡು ಜಡಿಯಿತು. ಒಂದು ಮುಂಜಾನೆ ನಾನು ಚಹಾಕ್ಕೆ ನೀರಿಡುತ್ತಿದ್ದಾಗ ಪಕ್ಕದಿಂದ ದಪ್ಪನೆಯ ಸದ್ದು ಬಂತು. ಓಡಿ ಹೋದರೆ ಗಂಗವ್ವಜ್ಜಿಯ ಹಿಂಗೋಡೆ ಪೂರ್ತಿ ಒಳಗೆ ಮಲಗಿತ್ತು. ಗಂಗವ್ವಜ್ಜಿ ಚಾಳದಲ್ಲಿ ಇನ್ನೂ ಮಗ್ಗ ಹಾಕುತ್ತಿದ್ದ ಕೊನೆಯವಳು. ಆ ಹೊತ್ತಿಗೆ ಅವಳು ನೀರು ತರಲು ಹೊರಗೆ ಬಂದಿದ್ದರಿಂದ ಉಳಿದಳು. ಮಗ್ಗದ ಮೇಲೆ ಮಣ್ಣು ಬಿದ್ದು, ಅರ್ಧ ನೆಯ್ದ ಸೀರೆ ಕೆಸರಿನಲ್ಲಿ ಅದ್ದಿಹೋಗಿತ್ತು. ಅವಳು ಅಳಲಿಲ್ಲ. ಕೊಡ ಕಂಕುಳಲ್ಲಿ ಇಟ್ಟುಕೊಂಡೇ ನಿಂತು, “ನಿನ್ನೇರ ಮುಗಿಸಿದ್ದರ ಚಲೋ ಇತ್ತು” ಎಂದಳು.

ಅಂದು ಇಡೀ ಚಾಳ ಕಂಬದ ಮನೆಯ ಪಡಸಾಲೆಯಲ್ಲಿ ಕೂತಿತ್ತು. ವೀರಣ್ಣ ಕಾಕಾ ಎಲ್ಲರಿಗೂ ಅವಲಕ್ಕಿ, ಚಹಾ ಮಾಡಿಸಿ, ನಡುವೆ ನಿಂತು, “ನಿಮ್ಮನ್ನ ಬೀದಿಗೆ ಬಿಡಾಂವಲ್ಲ ನಾನು. ಇಲ್ಲೆ, ಇದ ಜಾಗಾದಾಗ ಗಟ್ಟಿ ಮನಿ ಕಟ್ಟಿಸಿಕೊಡ್ತೀನಿ. ಇದು ನನ್ನ ಮಾತು” ಎಂದರು. ಕಂಬಕ್ಕೆ ಒರಗಿ ನಿಂತಿದ್ದ ಸುವರ್ಣಾ ನನ್ನ ಕಡೆ ನೋಡಿ ನಕ್ಕಳು.

ದೀಪಾವಳಿಯ ಹೊತ್ತಿಗೆ ಅವಳು ನಕ್ಷೆ ತಯಾರು ಮಾಡಿದಳು. ಆ ದಿನಗಳಷ್ಟು ಒಳ್ಳೆಯ ದಿನಗಳನ್ನು ನಾನು ಕಂಡಿಲ್ಲ. ಶಾಲೆ ಬಿಟ್ಟ ಮೇಲೆ ಸೀದಾ ಅವಳ ಮನೆ. ಪಡಸಾಲೆಯ ಕಲ್ಲಿನ ಮೇಲೆ ದೊಡ್ಡ ಹಾಳೆ ಹಾಸಿಕೊಂಡು ಬೋರಲು ಮಲಗಿ ಜಗಳಾಡುತ್ತಿದ್ದೆವು. ಎಲ್ಲರಿಗೂ ಮನೆ ಆಗಬೇಕೆಂದರೆ ಎತ್ತರಕ್ಕೆ ಹೋಗಲೇಬೇಕು ಎಂದು ನಾನು. ಎತ್ತರಕ್ಕೆ ಹೋದರೆ ಹಳೆಯ ಮನೆಯ ತಲೆಯ ಮೇಲೆ ಇನ್ನೊಂದು ಮನೆ ಕೂತಂತೆ ಕಾಣುತ್ತದೆ ಎಂದು ಅವಳು. ಕೊನೆಗೆ ಅವಳೇ ದಾರಿ ಕಂಡುಹಿಡಿದಳು. ಹಿತ್ತಲ ಕಟ್ಟಕಡೆಗೆ ಸರಿಸಿ ಮೂರು ಅಂತಸ್ತು ಕಟ್ಟಿದರೆ ಓಣಿಯಲ್ಲಿ ನಿಂತವರಿಗೆ ಕಾಣುವುದಿಲ್ಲ. ಗೋಡೆಗೆ ಹಳೆಯ ಕಲ್ಲಿನದೇ ಬಣ್ಣ. ನಡುವೆ ಎಲ್ಲರಿಗೂ ಕೂಡಿದ ಅಂಗಳ. ರಟ್ಟಿನಲ್ಲಿ ಅದರ ಮಾದರಿಯನ್ನೂ ಮಾಡಿ ಚಾಳದವರನ್ನೆಲ್ಲ ಕರೆದಳು. ಗಂಗವ್ವಜ್ಜಿ ಬಾಗಿ ಬಾಗಿ ನೋಡಿ, “ನನ್ನ ಮನಿ ಯಾವುದವಾ ಇದರಾಗ?” ಎಂದಳು. ಸುವರ್ಣಾ ಕೆಳಗಿನ ಮೂಲೆಯೊಂದನ್ನು ತೋರಿಸಿ, “ಇದು. ಮಗ್ಗಕ್ಕ ಬೆಳಕ ಬೇಕಂತ ದೊಡ್ಡ ಖಿಡಕಿ ಇಟ್ಟೇನಿ ನೋಡಜ್ಜಿ” ಎಂದಳು. ಗಂಗವ್ವಜ್ಜಿ ಆ ರಟ್ಟಿನ ಕಿಟಕಿಯೊಳಗೆ ಬೆರಳು ತೂರಿಸಿ ನೋಡಿದಳು. ಎಲ್ಲರೂ ನಕ್ಕೆವು.

ಕಟ್ಟಬೇಕೆಂದರೆ ಮೊದಲು ಚಾಳ ಖಾಲಿ ಮಾಡಬೇಕಿತ್ತು. ಒಂದು ವರ್ಷದ ಮಟ್ಟಿಗೆ ಎಲ್ಲಾದರೂ ಇರಬೇಕು, ಆಮೇಲೆ ಹೊಸ ಮನೆಗೆ ಬರಬೇಕು. ಮನೆ ಮನೆಗೆ ಹೋಗಿ ಇದನ್ನು ಹೇಳಿದವಳು ನಾನು. ಸುವರ್ಣಾ ಯಜಮಾನರ ಮಗಳು, ಅವಳ ಮುಂದೆ ಯಾರೂ ಮನಸ್ಸು ಬಿಚ್ಚಿ ಮಾತಾಡುತ್ತಿರಲಿಲ್ಲ. ನನ್ನ ಮುಂದೆ ಕೇಳಿದರು. ತಿರುಗಿ ಒಳಗೆ ಬಿಡುತ್ತಾರೇನು? ಬಾಡಿಗೆ ಹೆಚ್ಚು ಮಾಡುತ್ತಾರೇನು? ನಾನು ಎಲ್ಲರಿಗೂ ಒಂದೇ ಮಾತು ಹೇಳಿದೆ. ಸುವರ್ಣಾ ನಮ್ಮವಳು, ನಾನಿದ್ದೇನೆ. ಸಂಕ್ರಾಂತಿ ಕಳೆಯುವಷ್ಟರಲ್ಲಿ ಬಹುತೇಕ ಎಲ್ಲರೂ ಬಿಟ್ಟರು. ಗಂಗವ್ವಜ್ಜಿ ಹರ್ತಿಯಲ್ಲಿದ್ದ ತಂಗಿಯ ಮನೆಗೆ ಹೋದಳು. ನಾನೂ ಅಮ್ಮಿಯೂ ಸ್ಟೇಷನ್ ಹತ್ತಿರ ಒಂದು ಕೋಣೆ ಹಿಡಿದೆವು.

ಬಿಡದೆ ಉಳಿದವನು ಮಲ್ಲಣ್ಣ ಒಬ್ಬನೇ. ಆಟೋ ಹೊಡೆಯುತ್ತಿದ್ದ. ಅವನ ಮಗಳು ನನ್ನದೇ ಶಾಲೆಯಲ್ಲಿ ಹತ್ತನೆಯ ಇಯತ್ತೆ. ಅವನು ಯಾರ ಮಾತಿಗೂ ಜಗ್ಗುವವನಲ್ಲ. “ರಟ್ಟಿನ ಮನಿ ನೋಡಿ ಇದ್ದ ಮನಿ ಬಿಡು ಅಂದ್ರ ಹೆಂಗ್ರಿ ಟೀಚರ್ರ? ಪಾಯಾ ತಗೀಲಿ, ಅವತ್ತ ಬಿಡ್ತೀನಿ” ಎಂದು ಕೂತಿದ್ದ.

ಆ ವರ್ಷ ಯುಗಾದಿ, ರಂಜಾನ್ ಬೆನ್ನಿಗೆ ಬೆನ್ನು ಹಚ್ಚಿ ಬಂದವು. ಯುಗಾದಿಯಂದು ಸುವರ್ಣಾ ನಮ್ಮ ಸ್ಟೇಷನ್ ಹತ್ತಿರದ ಕೋಣೆಗೆ ಬೇವು ಬೆಲ್ಲ ತಂದಳು. ರಂಜಾನಿಗೂ ಬಂದು ಅಮ್ಮಿ ಮಾಡಿದ ಶಾವಿಗೆ ಹಾಲಿನ ಸುರಕುಂಬಾ ಕುಡಿದು, ಇನ್ನೊಂದು ಬಟ್ಟಲು ಕೇಳಿ ಹಾಕಿಸಿಕೊಂಡಳು. ಹೊರಡುವಾಗ ಬಾಗಿಲಲ್ಲಿ ನಿಂತು, “ಮಲ್ಲಣ್ಣಂದ ಒಂದು ನೋಡ ಹಸೀನಾ. ಆಂವ ಒಬ್ಬನ ಸಲುವಾಗಿ ಎಲ್ಲಾ ಕೆಲಸ ನಿಂತೈತಿ. ನೀ ಹೇಳಿದ್ರ ಕೇಳ್ತಾನ” ಎಂದಳು.

ಮರುದಿನವೇ ಹೋದೆ. ಸುತ್ತ ಖಾಲಿ ಮನೆಗಳು, ನಡುವೆ ಅವನದೊಂದೇ ಒಲೆ ಉರಿಯುತ್ತಿತ್ತು. ಮಗಳ ಪರೀಕ್ಷೆ ಇನ್ನೂ ಮುಗಿದಿರಲಿಲ್ಲ. ಅದು ಮುಗಿಯಲಿ ಎಂದ. ಪರೀಕ್ಷೆ ಮುಗಿಯುವ ತನಕ ನಿನ್ನ ಮಗಳು ನನ್ನ ಕೋಣೆಯಲ್ಲಿ ಇರಲಿ, ನಾನೇ ಓದಿಸುತ್ತೇನೆ ಎಂದೆ. ಅವನ ಹೆಂಡತಿ ಒಳಗಿನಿಂದ, “ಟೀಚರ್ ಹೇಳಾಕತ್ತಾರ, ಸುಳ್ಳ ಹೇಳ್ತಾರೇನು?” ಎಂದಳು. ಅದಾದ ಮೇಲೆ ಅವನು ಎದ್ದು ಗೋಡೆಗೆ ತೂಗುಹಾಕಿದ್ದ ದೇವರ ಫೋಟೋ ಇಳಿಸಿದ. ಎರಡು ಸರ್ತಿ ಆಟೋದಲ್ಲಿ ಸಾಮಾನು ಹೇರಿಕೊಂಡು ಹಿಟ್ಟಿನ ಗಿರಣಿಯ ಹಿಂದಿನ ಒಂದು ಕತ್ತಲೆ ಕೋಣೆಗೆ ಹೋದ.

ಚಾಳವನ್ನು ಜೆಸಿಬಿ ಬಂದು ಒಂದೇ ಹೊತ್ತಿನಲ್ಲಿ ಕೆಡವಿತು. ಬೇಸಿಗೆ ರಜೆಯಲ್ಲಿ ಮುಂದಿನ ಕಂಬದ ಮನೆಯ ರಿಪೇರಿ ಮೊದಲು ಸುರುವಾಯಿತು. ಅದಕ್ಕೆ ಹುಬ್ಬಳ್ಳಿಯ ಒಂದು ಮಂಡಳಿಯವರು ನೆರವಾಗುತ್ತಿದ್ದಾರೆ, ಹಳೆಯ ಮನೆಗಳನ್ನು ಉಳಿಸುವುದರಲ್ಲಿ ಆಸಕ್ತಿ ಇರುವವರು ಎಂದು ಸುವರ್ಣಾ ಹೇಳಿದ್ದಳು. ಸಿಮೆಂಟು ಹಚ್ಚಬಾರದೆಂದು ಸುಣ್ಣ ಬೆಲ್ಲದ ಗಾರೆ ತಯಾರಿಸಿದರು. ಕಂಬಗಳ ಮೇಲೆ ವರ್ಷ ವರ್ಷ ಬಳಿದ ಎಣ್ಣೆ ಬಣ್ಣವನ್ನು ಕೆರೆದು ತೆಗೆದರು. ಆ ಹಸಿರು ಬಣ್ಣ ಬಳಿದವರು ನಮ್ಮ ಅಬ್ಬಾ. ಒಂದು ಕ್ಷಣ ಕೆಡುಕೆನಿಸಿತು. ಆದರೆ ಅದರ ಕೆಳಗಿನಿಂದ ಸಾಗವಾನಿಯ ಕೆಂಪು, ಅದರಲ್ಲಿ ಕೊರೆದ ಹೂವಿನ ಒಂದೊಂದು ಎಸಳು ಹೊರಬಂದಾಗ, ಅಬ್ಬಾ ಇದನ್ನು ನೋಡಿದ್ದರೆ ಬ್ರಷ್ಷು ಎತ್ತುತ್ತಿರಲಿಲ್ಲ ಎಂದುಕೊಂಡೆ. ದಿನಾ ಹೋಗಿ ನೋಡುತ್ತಿದ್ದೆ. ಗಾರೆ ಕಲೆಸುವವರ ಜೊತೆ ಮಾತಾಡುತ್ತಿದ್ದೆ.

“ಹಿಂದಿನ ಪಾಯಾ ಯಾವಾಗ ತಗಸ್ತಿ?” ಎಂದು ಕೇಳಿದಾಗಲೆಲ್ಲ ಸುವರ್ಣಾ, “ಮುಂದಿಂದು ಹಸಿ ಗಾರೆ ಐತಿ. ಈಗ ಹಿಂದ ಅಗದ್ರ ಅದರತೈತಿ. ಒಣಗಲಿ” ಎನ್ನುತ್ತಿದ್ದಳು. ನನಗೆ ಅದು ಸರಿ ಎನಿಸಿತು. ಹರ್ತಿಯಿಂದ ಸಂತೆಗೆ ಬಂದ ಗಂಗವ್ವಜ್ಜಿ ಕೇಳಿದಾಗ ಅದನ್ನೇ ಹೇಳಿದೆ. ಸ್ಟೇಷನ್ ಮುಂದೆ ಆಟೋ ನಿಲ್ಲಿಸಿಕೊಂಡ ಮಲ್ಲಣ್ಣನಿಗೂ ಅದನ್ನೇ ಹೇಳಿದೆ. ಮೃಗಶಿರಾ ಮಳೆ ಬಿದ್ದ ಮೇಲೆ ಹಿತ್ತಲಲ್ಲಿ ಮಣ್ಣು ಸಮ ಮಾಡಿ ಹುಲ್ಲು ನೆಟ್ಟರು. ಅದನ್ನೂ ನೋಡಿದೆ. ಕೆಸರಾಗಬಾರದೆಂದು ಹಾಕಿರಬಹುದು ಎಂದುಕೊಂಡೆ.

ಆಷಾಢದ ಒಂದು ದಿನ ಸುವರ್ಣಾ ಫೋನ್ ಮಾಡಿದಳು. ಹುಬ್ಬಳ್ಳಿಯ ಮಂಡಳಿಯವರು ಮನೆ ನೋಡಲು ಬರುತ್ತಾರೆ, ನೀನೂ ಬಾ, ಗಂಗವ್ವಜ್ಜಿಯನ್ನೂ ಕರೆದುಕೊಂಡು ಬಾ ಎಂದಳು. ಗಂಗವ್ವಜ್ಜಿಯ ಮುರಿದ ಮಗ್ಗವನ್ನು ಅವಳು ಬಡಿಗೇರರಿಂದ ರಿಪೇರಿ ಮಾಡಿಸಿ ಪಡಸಾಲೆಯ ಒಂದು ಮಗ್ಗುಲಲ್ಲಿ ಹೂಡಿಸಿದ್ದಳು. ಬಂದವರಿಗೆ ಅಜ್ಜಿ ಸ್ವಲ್ಪ ನೆಯ್ದು ತೋರಿಸಲಿ ಎಂದು. ಹರ್ತಿಯಿಂದ ಬಂದ ಅಜ್ಜಿ ಮಗ್ಗ ಕಂಡದ್ದೇ ಅದರ ಹಲಗೆಯನ್ನೆಲ್ಲ ಕೈಯಿಂದ ಸವರಿ, “ಚಲೋ ಮಾಡ್ಸಿದಿ ನನ ಮಗಳ” ಎಂದು ಸುವರ್ಣಾಳ ಗಲ್ಲ ಮುಟ್ಟಿ ಲಟಿಕೆ ಮುರಿದಳು. ಅಂದು ಗಾಳಿ ಹೇಗಿತ್ತೆಂದರೆ ಮೇಲಿನ ಕಿಟಕಿಗಳೆಲ್ಲ ತಾವೇ ತೆರೆದು ತಾವೇ ಬಡಿದುಕೊಳ್ಳುತ್ತಿದ್ದವು.

ಬಂದವರು ಒಳ್ಳೆಯ ಜನ, ಮೆತ್ತಗೆ ಮಾತಾಡುವವರು. ಕಂಬ ಮುಟ್ಟಿ ನೋಡಿದರು. ಅಜ್ಜಿ ಲಾಳಿ ಎಸೆಯುವುದನ್ನು ಫೋಟೋ ಹಿಡಿದರು. ಆಮೇಲೆ ಸುವರ್ಣಾ ಹಿಂದಿನ ಬಾಗಿಲು ತೆರೆದು ಹಿತ್ತಲನ್ನು ತೋರಿಸಿದಳು. ಹಸಿರು ಹುಲ್ಲು ಗಾಳಿಗೆ ಒಂದೇ ಕಡೆ ಬಾಗುತ್ತಿತ್ತು. ಬಂದವರಲ್ಲಿ ಒಬ್ಬರು, ಇಲ್ಲಿ ಮುಂದೆ ಏನು ಬರುತ್ತದೆ ಎಂದು ಕೇಳಿದರು.

“ಏನೂ ಇಲ್ಲ ಸರ್. ಇದು ಹೀಗೇ ಖುಲ್ಲಾ ಇರುತ್ತೆ” ಎಂದಳು ಸುವರ್ಣಾ. ಅವರ ಮುಂದೆ ಅವಳು ಬೆಂಗಳೂರಿನ ಕನ್ನಡ ಮಾತಾಡುತ್ತಿದ್ದಳು. “ಹಿಂದೆ ಏನೇ ಕಟ್ಟಿದರೂ ಈ ಮನೆಯ ಗಾಂಭೀರ್ಯ ಹೋಗುತ್ತೆ.”

ಮಗ್ಗದ ಸದ್ದು ನಿಂತಿತು. ಗಂಗವ್ವಜ್ಜಿಗೆ ಕಿವಿ ಚುರುಕು. ಕುಳಿತಲ್ಲಿಂದಲೇ ಗಟ್ಟಿಯಾಗಿ ಕೇಳಿದಳು. “ಹಂಗಾರ ನಾ ಎಲ್ಲೆ ಇರಬೇಕವಾ?”

ಬಂದವರಿಗೆ ಅರ್ಥವಾಗಲಿಲ್ಲ. ಸುವರ್ಣಾ ನಕ್ಕು, ಅಜ್ಜಿ ಹೀಗೇ ತಮಾಷೆ ಮಾಡುತ್ತಾಳೆ ಎಂದು ಅವರನ್ನು ಮಹಡಿಗೆ ಕರೆದುಕೊಂಡು ಹೋದಳು. ಅಜ್ಜಿ ನನ್ನ ಮುಖ ನೋಡಿದಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

ಅವರೆಲ್ಲ ಹೋದ ಮೇಲೆ ಅಡುಗೆಮನೆಯಲ್ಲಿ ಸುವರ್ಣಾ ಒಬ್ಬಳೇ ಸಿಕ್ಕಳು. ಚಹಾದ ಕಪ್ಪುಗಳನ್ನು ತೊಳೆಯುತ್ತಿದ್ದಳು.

“ಹಿತ್ತಲದಾಗ ಏನೂ ಕಟ್ಟಂಗಿಲ್ಲೇನು?” ಎಂದೆ.

ಅವಳು ನಲ್ಲಿ ನಿಲ್ಲಿಸಲಿಲ್ಲ. “ಹೇಳಬೇಕಂತ ಭಾಳ ಸಲ ಬಾಯಿತನಕ ಬಂದಿತ್ತು ಹಸೀನಾ.”

“ಯಾವಾಗ ಗೊತ್ತಾತು ನಿನಗ?”

“ಏನು ಯಾವಾಗ?”

“ಕಟ್ಟಂಗಿಲ್ಲ ಅಂತ ಯಾವಾಗ ಗೊತ್ತಾತು?”

ಅವಳು ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡಳು. “ಯುಗಾದಿಗಿಂತ ಮದ್ಲ. ಹಿಂದ ಕಟ್ಟಡ ಎದ್ರ ನಾವು ಕೈ ಹಾಕಂಗಿಲ್ಲ ಅಂದ್ರು ಮಂಡಳಿಯವರು. ಅವರು ಕೈ ಬಿಟ್ರ ಈ ಮನಿ ಇನ್ನೊಂದು ಮಳಿ ತಡೀತಿರಲಿಲ್ಲ. ಅಪ್ಪ ಮಾರಿ ಕೂಡ್ರತಿದ್ದ. ಮಾರಿದ್ರ ಇಲ್ಲೆ ಕಾಂಪ್ಲೆಕ್ಸ್ ಏಳತಿತ್ತು. ನಿಮಗೂ ಇಲ್ಲ, ನನಗೂ ಇಲ್ಲ. ಈಗ ಒಂದರೆ ಉಳೀತಲ್ಲ?”

ನನಗೆ ಅವಳ ಮಾತು ಅರ್ಧವೇ ಕೇಳಿಸಿತು. ಯುಗಾದಿಗಿಂತ ಮೊದಲು. ಬೇವು ಬೆಲ್ಲ ತಂದಾಗ ಗೊತ್ತಿತ್ತು. ಸುರಕುಂಬಾ ಕುಡಿಯುವಾಗ ಗೊತ್ತಿತ್ತು.

“ಮಲ್ಲಣ್ಣನ ಮನಿಗೆ ನನ್ನ ಕಳಸಿದ್ದು ಅದರ ಮ್ಯಾಲೆ” ಎಂದೆ.

“ನೀ ಹೇಳಿದ್ರ ಅಷ್ಟ ಕೇಳ್ತಿದ್ದ ಆಂವ” ಎಂದಳು. ತಡಮಾಡದೆ ಹೇಳಿದಳು. ಅದರಲ್ಲಿ ತಪ್ಪೇನಿದೆ ಎಂಬಂತೆ.

ಆದರೂ ನಾನು ಆಸೆ ಬಿಡಲಿಲ್ಲ. ಈಗ ನೆನೆದರೆ ಅದೇ ನಾಚಿಕೆ ಎನಿಸುತ್ತದೆ. ಅಲ್ಲೇ ನಿಂತು ಅಂಗಲಾಚಿದೆ. ಮೂರು ಅಂತಸ್ತು ಬೇಡ, ಒಂದೇ ಕಟ್ಟು. ಈ ಮನೆಯ ಅರ್ಧ ಎತ್ತರಕ್ಕಿರಲಿ. ಒಬ್ಬೊಬ್ಬರಿಗೆ ಒಂದೇ ಕೋಣೆಯಾದರೂ ನಾನು ಒಪ್ಪಿಸುತ್ತೇನೆ, ಓಣಿಯಿಂದ ನೋಡಿದರೆ ಒಂದು ಇಟ್ಟಂಗಿಯೂ ಕಾಣುವುದಿಲ್ಲ ಎಂದೆ.

“ಕಟ್ಟಡ ಕಾಣಾಕಿಲ್ಲ, ಖರೆ” ಎಂದಳು. “ಹಿಂದಿನ ಬಾಗಲದಾಗ ಬಂದು ನಿಂತವರಿಗೆ ಏನ ಕಾಣತೈತಿ ಹೇಳು. ಬಟ್ಟಿ ಒಣಹಾಕಿದ ಹಗ್ಗ, ನೀರಿನ ಡ್ರಮ್ಮು, ಒಂದು ವರ್ಷಕ್ಕ ತಗಡ ಹಾಕತಾರ, ಮಲ್ಲಣ್ಣ ಆಟೋ ತಂದು ಹಚ್ಚತಾನ...” ಅಷ್ಟಕ್ಕೆ ತಾನೇ ನಿಲ್ಲಿಸಿದಳು.

“ನಾವು ಕಾಣತೀವಿ” ಎಂದೆ.

ಅವಳು ಇಲ್ಲ ಎನ್ನಲಿಲ್ಲ. ಗಂಗವ್ವಜ್ಜಿಯ ಕೈ ಹಿಡಿದು ಹೊರಗೆ ಬಂದೆ. ಬಸ್‌ಸ್ಟ್ಯಾಂಡಿನ ತನಕ ಅಜ್ಜಿಯ ಜೊತೆ ನಡೆದೆ. ಹರ್ತಿಯ ಬಸ್ಸು ಹತ್ತುವಾಗ, “ನಿನಗ ಗೊತ್ತಿರಲಿಲ್ಲಲ್ಲ?” ಎಂದು ಕೇಳಿದಳು. ಇಲ್ಲಜ್ಜಿ ಎಂದೆ. ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಮುಂದಿನ ರವಿವಾರ ಚಾಳದವರೆಲ್ಲ ಕಂಬದ ಮನೆಯ ಪಡಸಾಲೆಗೆ ಬಂದರು. ಹಿಂದಿನ ವರ್ಷ ಮಳೆಗೆ ತೊಯ್ದು ಕೂತ ಅದೇ ಜಾಗ. ಈಗ ನೆಲಕ್ಕೆ ಎಣ್ಣೆ ಉಜ್ಜಿ ಮಿರಿಮಿರಿ ಮಿಂಚುತ್ತಿದ್ದುದರಿಂದ ಚಪ್ಪಲಿ ಬಿಟ್ಟು ಬಂದವರೂ ಕಾಲಿಡಲು ಹಿಂದೆ ಮುಂದೆ ನೋಡಿದರು. ವೀರಣ್ಣ ಕಾಕಾ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. “ನಾ ಮಾತು ಕೊಟ್ಟಿದ್ದು ಖರೆ” ಎಂದರು. “ಆದ್ರ ಮನಿ ಈಗ ಸುವರ್ಣಾನ ಕೈಯಾಗ ಐತಿ. ಆಕಿ ಬ್ಯಾಡ ಅಂದದ್ದನ್ನ ಮಾಡಾಕ ನನ್ನ ಕಡಿಂದ ಆಗಂಗಿಲ್ಲ. ಬ್ಯಾರೆ ಎಲ್ಲೆರ ನೋಡೂನು.”

ಮಲ್ಲಣ್ಣ ಎದ್ದು ನಿಂತ. “ಕಾಕಾರ, ನೀವು ಹೇಳಿದ್ದಕ್ಕ ನಾ ಮನಿ ಬಿಟ್ಟಿಲ್ರಿ. ನಿಮ್ಮ ಮಗಳ ಹೇಳಿದ್ದಕ್ಕೂ ಬಿಟ್ಟಿಲ್ಲ. ಇಕಾ, ಈ ಟೀಚರ್ ಹೇಳಿದ್ದಕ್ಕ ಬಿಟ್ಟೆ.”

ಎಲ್ಲರ ಮುಖಗಳೂ ನನ್ನ ಕಡೆ ತಿರುಗಿದವು. ಹಿಂದಿನಿಂದ ಯಾವುದೋ ಹೆಂಗಸಿನ ದನಿ, “ಇಬ್ರೂ ಕೂಡೇ ಮಾಡ್ಯಾರ ಬಿಡ್ರಿ. ಸಣ್ಣವರಿದ್ದಾಗಿಂದ ಒಂದ ತಾಟಿನ್ಯಾಗ ಉಂಡವರು” ಎಂದಿತು. ನನಗ ಗೊತ್ತಿರಲಿಲ್ಲ ಎಂದೆ. ನನ್ನ ದನಿ ನನಗೇ ಸಣ್ಣದೆನಿಸಿತು. ಇನ್ನೊಮ್ಮೆ ಹೇಳಿದೆ.

ಸುವರ್ಣಾ ಅಲ್ಲೇ ಇದ್ದಳು. ಕಂಬದ ಬುಡದಲ್ಲಿ ಕೂತಿದ್ದಳು. ಒಂದು ಮಾತು ಸಾಕಿತ್ತು. ಹಸೀನಾಗೆ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ಅಷ್ಟು ಹೇಳಿದ್ದರೆ ಮನೆ ಹೋದರೂ ನನಗೆ ಏನೋ ಉಳಿಯುತ್ತಿತ್ತು. ನಾನು ಅವಳನ್ನೇ ನೋಡಿದೆ. ಅವಳು ನೋಡಿದಳು ಕೂಡ. ಆಮೇಲೆ ತನ್ನ ಸೆರಗಿನ ಅಂಚನ್ನು ಬೆರಳಿಗೆ ಸುತ್ತತೊಡಗಿದಳು. ಪಡಸಾಲೆ ಖಾಲಿಯಾಗುವ ತನಕ ಸುತ್ತುತ್ತಲೇ ಇದ್ದಳು.

ಓಣಿಯ ಹಿರಿಯರು ನಡುವೆ ಬಂದು ಬಹಳ ಗದ್ದಲವಾಗಿ, ಕೊನೆಗೆ ವೀರಣ್ಣ ಕಾಕಾ ನಾಗಾವಿಯ ಹಾದಿಯಲ್ಲಿದ್ದ ತಮ್ಮ ಒಂದು ಜಾಗದಲ್ಲಿ ಮನೆ ಕಟ್ಟಿಸಿಕೊಡಲು ಒಪ್ಪಿದರು. ಅದಕ್ಕೆ ಯಾರೂ ನಕ್ಷೆ ಬರೆಯಲಿಲ್ಲ, ರಟ್ಟಿನ ಮಾದರಿ ಮಾಡಲಿಲ್ಲ. ಗುತ್ತಿಗೆದಾರ ಬಂದು ದಾರ ಹಿಡಿದು ಉದ್ದಕ್ಕೆ ಒಂದು ಗೋಡೆ ಎಬ್ಬಿಸಿ, ಅದಕ್ಕೆ ಅಡ್ಡಗೋಡೆ ಹಾಕುತ್ತಾ ಹೋದ. ಕಿಟಕಿಗಳು ಪಕ್ಕದ ಗೋದಾಮಿನ ಕಾಂಪೌಂಡಿಗೆ ಮುಖ ಮಾಡಿದ್ದವು. ತೆರೆದರೆ ಕೈಗೆ ಸಿಮೆಂಟೇ ಸಿಗುತ್ತಿತ್ತು. ಎಲ್ಲಕ್ಕೂ ಒಂದೇ ಪೇಲವ ಗುಲಾಬಿ ಬಣ್ಣ. ಗಂಗವ್ವಜ್ಜಿಯ ಕೋಣೆಯಲ್ಲಿ ಮಗ್ಗ ಹಿಡಿಸಲಿಲ್ಲ. ಅದು ಕಂಬದ ಮನೆಯಲ್ಲೇ ಉಳಿಯಿತು. ವಾರಕ್ಕೊಮ್ಮೆ ಬಂದು ನೆಯ್ದು ತೋರಿಸು, ಆಟೋ ಕಳಿಸುತ್ತೇವೆ ಎಂದು ಅಲ್ಲಿಂದ ಹೇಳಿ ಕಳಿಸಿದ್ದರಂತೆ. ಅಜ್ಜಿ ಹೋಗಲಿಲ್ಲ. ಇಡೀ ಜೀವಮಾನ ಮಗ್ಗ ಮುಟ್ಟಿದ ಕೈ ಖಾಲಿ ಇರಲಾರದೆ ಬಾಗಿಲಲ್ಲಿ ಕೂತು ಯಾರದೋ ಮನೆಯ ಕುಸುಬಿ ಹಸನು ಮಾಡುತ್ತಿದ್ದಳು.

ನಮಗೂ ಅಲ್ಲೊಂದು ಮನೆ ಇತ್ತು. ಹೋಗುವುದು ಬೇಡ, ಆ ಮುಖಗಳನ್ನು ದಿನಾ ನೋಡುವುದು ನನ್ನಿಂದ ಆಗದು ಎಂದೆ. ಅಮ್ಮಿ ಕೇಳಲಿಲ್ಲ. ಅವರು ನಮ್ಮ ಜನ, ಬೈದರೆ ಬೈಸಿಕೊಂಡು ಇರೋಣ, ಓಡಿಹೋದರೆ ನೀನೇ ಮಾಡಿದೆ ಎಂದು ಆಗುತ್ತದೆ ಎಂದಳು. ಸಾಮಾನು ಹೊತ್ತುಕೊಂಡು ಬಂದೆವು. ಮೊದಮೊದಲು ನೀರಿನ ಸರದಿಯಲ್ಲಿ ನಾನು ನಿಂತರೆ ಮಾತು ನಿಂತುಹೋಗುತ್ತಿತ್ತು. ನಾನು ರಸ್ತೆಯಲ್ಲಿ ಕಂಡರೆ ಮಲ್ಲಣ್ಣ ಬೇರೆ ಕಡೆ ನೋಡಿಕೊಂಡು ಹೋಗುತ್ತಿದ್ದ. ಅವನ ಮಗಳು ಕಾಲೇಜಿನ ಮೊದಲ ವರ್ಷ ಪಾಸಾಗಿದ್ದಳು. ಆ ಖಬರನ್ನೂ ನನಗೆ ಶಾಲೆಯಲ್ಲಿ ಬೇರೆಯವರು ಹೇಳಬೇಕಾಯಿತು.

ಸುವರ್ಣಾ ಸಿಕ್ಕದ್ದು ಮರುವರ್ಷದ ದೀಪಾವಳಿಯ ಮುಂಚೆ, ಮಾರ್ಕೆಟ್ಟಿನಲ್ಲಿ. ಹಣತೆ ಆರಿಸುತ್ತಿದ್ದಳು. ಕಂಬದ ಮನೆಯ ಹೆಸರು ಅಷ್ಟರಲ್ಲಿ ದೂರ ದೂರ ಹೋಗಿತ್ತು. ಮದುವೆಯ ಹುಡುಗ ಹುಡುಗಿಯರು ಫೋಟೋ ತೆಗೆಸಿಕೊಳ್ಳಲು ಬರುತ್ತಿದ್ದರು. ನನ್ನನ್ನು ಕಂಡು ಅವಳು ದಾರಿಗೆ ಅಡ್ಡ ಬಂದು ನಿಂತಳು.

“ಒಮ್ಮೆರ ಬಂದು ನೋಡಿ ಹೋಗ ಹಸೀನಾ” ಎಂದಳು.

“ಓಣ್ಯಾಗ ಹಾದು ಹೋಗುವಾಗ ನೋಡೇನಿ. ಭಾಳ ಚಂದ ಆಗೇತಿ.”

“ಖರೇನ?” ಅವಳ ಮುಖ ಸಣ್ಣ ಹುಡುಗಿಯದರಂತೆ ಅರಳಿತು.

“ಖರೆ” ಎಂದೆ. ಅದು ಖರೆಯೇ ಆಗಿತ್ತು. ಸಂಜೆಯ ಬಿಸಿಲು ಆ ಕಂಬಗಳ ಮೇಲೆ ಬಿದ್ದಾಗ ನಾನು ಆ ಓಣಿಯಲ್ಲಿ ಎಷ್ಟೋ ಸಲ ನಿಂತುಬಿಟ್ಟಿದ್ದೇನೆ. ಅದು ಕೆಟ್ಟದಾಗಿ ಕಂಡಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು. “ಮನಿ ಹೋದದ್ದು ಹೋಗಲಿ ಸುವರ್ಣಾ. ಅವತ್ತ ಪಡಸಾಲ್ಯಾಗ ಒಂದ ಮಾತ ಹೇಳಬೇಕಿತ್ತು ನೀ. ಹಸೀನಾಗ ಗೊತ್ತಿರಲಿಲ್ಲ ಅಂತ.”

ಅವಳು ಕೈಯಲ್ಲಿದ್ದ ಹಣತೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಹೇಳಿದ್ರ ಎಲ್ಲಾರೂ ನನ್ನ ಮ್ಯಾಲೆ ಬೀಳತಿದ್ರು.”

“ಅದಕ್ಕ ನನ್ನ ಮ್ಯಾಲೆ ಬೀಳಾಕ ಬಿಟ್ಟಿ.”

“ನೀ ತಡ್ಕೋತಿ ಅನ್ನಿಸ್ತು” ಎಂದಳು. “ನೀ ಯಾವಾಗಲೂ ತಡ್ಕೊಂಡಿ.”

ಅಮ್ಮಿ ಹೇಗಿದ್ದಾಳೆ ಎಂದು ಕೇಳಿದಳು. ಚೆನ್ನಾಗಿದ್ದಾಳೆ ಎಂದು ಹೇಳಿ ಮುಂದೆ ನಡೆದೆ. ಅದಾದ ಮೇಲೆ ನಾವು ಮಾತಾಡಿಲ್ಲ.

ಆ ವಾರವೇ ಒಂದು ಸಂಜೆ ಶಾಲೆಯಿಂದ ಬರುವಾಗ ಹಿಂಗಾರು ಮಳೆ ಹಿಡಿಯಿತು. ಬಸ್ಸು ಬರಲಿಲ್ಲ. ಕೈಯಲ್ಲಿ ಮಕ್ಕಳ ಉತ್ತರಪತ್ರಿಕೆಗಳ ಚೀಲ. ಅದನ್ನು ಸೆರಗಿನೊಳಗೆ ಮುಚ್ಚಿಕೊಂಡು ಒಂದು ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದೆ. ಆಟೋ ಒಂದು ಮುಂದೆ ಹೋಗಿ, ನಿಂತು, ಹಿಂದಕ್ಕೆ ಬಂತು. ಮಲ್ಲಣ್ಣ.

“ಹತ್ರಿ ಟೀಚರ್ರ” ಎಂದ.

ಹತ್ತಿ ಕೂತೆ. ಅವನು ಪಕ್ಕದ ಪರದೆ ಇಳಿಬಿಟ್ಟ. ಸ್ವಲ್ಪ ದೂರ ಹೋದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. “ಮಲ್ಲಣ್ಣ, ದೇವರ ಆಣಿ, ನನಗ ಗೊತ್ತಿರಲಿಲ್ಲೋ” ಎಂದೆ.

“ಗೊತ್ತೈತ್ರಿ” ಎಂದ. “ಗಂಗವ್ವಜ್ಜಿ ಹೇಳ್ಯಾಳ. ಆಮ್ಯಾಲೆ ನಾನೂ ವಿಚಾರ ಮಾಡಿದೆ. ನಿಮಗ ಗೊತ್ತಿದ್ದರ ನೀವೂ ಬಂದು ಈ ಗೋದಾಮಿನ ಹಿಂದ ಯಾಕ ಕೂಡ್ರತಿದ್ರಿ?”

ನನಗೆ ಎದೆ ಹಗುರಾಗಿ ಕಣ್ಣು ತುಂಬಿ ಬಂದವು. “ಹಂಗಾರ ನನ್ನ ಮ್ಯಾಲೆ ಸಿಟ್ಟಿಲ್ಲಲ್ಲ?”

“ಸಿಟ್ಟ ಯಾಕ್ರಿ?” ಎಂದ ಅವನು, ನೀರು ನಿಂತ ತಗ್ಗನ್ನು ತಪ್ಪಿಸುತ್ತಾ. “ಸಿಟ್ಟ ಏನೂ ಇಲ್ಲ. ಆದ್ರ ಇನ್ನ ಮ್ಯಾಲೆ ನೀವು ಏನರೆ ಹೇಳಿದ್ರ, ಕಣ್ಣ ಮುಚ್ಚಿ ನಂಬಂಗಿಲ್ರಿ. ಅಷ್ಟ. ಬ್ಯಾಸರ ಮಾಡ್ಕೋಬ್ಯಾಡ್ರಿ.”

ಮಳೆ ಪರದೆಗೆ ಹೊಡೆಯುತ್ತಿತ್ತು. ಮನೆ ಬಂದಾಗ ಅವನು ತಾನೇ ಇಳಿದು, ತಲೆಯ ಮೇಲೆ ಟವೆಲ್ ಹಾಕಿಕೊಂಡು, ನನ್ನ ಚೀಲ ಒದ್ದೆಯಾಗದಂತೆ ಎದೆಗವಚಿ ಹಿಡಿದು ಹೊಸ್ತಿಲ ಒಳಗೆ ತಂದಿಟ್ಟ. “ಬಾಗಲಾ ಮುಚ್ಕೋರಿ ಟೀಚರ್ರ, ಎರಚಲ ಹೊಡೀತೈತಿ” ಎಂದು ಹೇಳಿ, ಬಾಗಿಲನ್ನು ತಾನೇ ಎಳೆದುಕೊಂಡು ಹೋದ.